ಕೊರೋನಾ ಕಾಲದ ಸರ್ಕಾರಿ ನೆರವು ಮತ್ತು ಮಲೆನಾಡಿನ ಕಿರು ಆಹಾರೋದ್ಯಮ



‘ಹೊಳೆಗೆ ಸುರಿದರೂ ಅಳೆದು ಸುರಿ’ ಎಂಬ ಗಾದೆ ಇಲ್ಲಿನ ಹಿರಿಯರಿಗೆ ಹೊಸತಲ್ಲ. ಕೊಟ್ಟದ್ದೆಷ್ಟು ಎಂಬ ಲೆಕ್ಕ ಕೊಡುವವನ ಬಳಿ ಇರಲೇಬೇಕು ಎಂಬುದು ಅದರ ತಾತ್ಪರ್ಯ. ಕೊರೋನಾ ಮಹಾಮಾರಿಯ 2020 ಮತ್ತು 2021ರ ಎರಡು ಬೇಸಿಗೆಗಳಲ್ಲಿ ಕೇಂದ್ರ ಹಾಗೂ ರಾಜ್ಯ ಸರ್ಕಾರಗಳು ಕೃಷಿಗೆ ಮತ್ತು ಆಹಾರೋದ್ಯಮಕ್ಕೆ ನೀಡಿದ ನೆರವೂ ಅಳೆದು ಸುರಿದುದೇ ಆಗಿತ್ತು. ಆದರೆ ಅಳೆಯಲು ಬಳಸಿದ ಕೊಳಗ ಯಾವುದು ಎಂಬುದನ್ನು ಅಂದು ಹೆಚ್ಚು ಜನ ವಿಚಾರಿಸಲಿಲ್ಲ. ಪಹಣಿಯಲ್ಲಿರುವ ಹೆಸರು, ಹೆಕ್ಟೇರಿನ ವಿಸ್ತೀರ್ಣ, ಬ್ಯಾಂಕಿನಲ್ಲಿ ಮೊದಲೇ ಇರುವ ಸಾಲದ ಖಾತೆ, ಈ ಮೂರೇ ಆ ಕೊಳಗಗಳು. ಮಲೆನಾಡಿನ ಆಹಾರೋತ್ಪಾದನೆಯ ಗಣನೀಯ ಭಾಗ ಈ ಮೂರರ ಹೊರಗೆ ನಡೆಯುತ್ತದೆ. ಆದ್ದರಿಂದ ಘಟ್ಟದ ಮೇಲಿನ ಅನೇಕ ಮನೆಗಳಿಗೆ ನೆರವಿನ ಸುದ್ದಿ ಮುಟ್ಟಿತು, ನೆರವು ಮುಟ್ಟಲಿಲ್ಲ.

ಮುಗಿದುಹೋದ ಸಂಗತಿಯನ್ನು ಮತ್ತೆ ಕೆದಕುವುದೇಕೆ ಎಂದು ಕೇಳಬಹುದು. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿಯೂ, ನೆರೆಯ ವಯನಾಡಿನಲ್ಲಿಯೂ ಗುಡ್ಡ ಜರಿದು ಜೀವಹಾನಿಯಾಯಿತು. ಆಪತ್ತುಗಳು ಮರುಕಳಿಸುತ್ತಿವೆ, ಪ್ರತಿ ಸಲವೂ ಪರಿಹಾರದ ಕಡತ ಅದೇ ಕೊಳಗವನ್ನು ಹಿಡಿದು ಬರುತ್ತದೆ. ಮುಂದಿನ ಆಪತ್ತಿಗೆ ಮುನ್ನ ಸಿದ್ಧವಾಗಬೇಕಾದರೆ ಕೊರೋನಾ ಕಾಲದ ಲೆಕ್ಕವನ್ನು ಒಮ್ಮೆ ಸರಿಯಾಗಿ ನೋಡಿಕೊಳ್ಳುವುದು ಅಗತ್ಯ.

ಬೀಗ ಬಿದ್ದ ಬೇಸಿಗೆ

2020ರ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ಎರಡು ದಿನಗಳ ಅನಂತರ, ಮಾರ್ಚ್ 27ರಂದು, ಕೇಂದ್ರ ಗೃಹ ಸಚಿವಾಲಯವು ಕೃಷಿ ಕೆಲಸಗಳಿಗೂ ಕೃಷಿ ಮಾರುಕಟ್ಟೆಗಳಿಗೂ ವಿನಾಯಿತಿ ನೀಡಿತು. ಕಾಗದದ ಮೇಲೆ ರೈತ ಸ್ವತಂತ್ರನಾಗಿದ್ದ. ಆದರೆ ವಾರದ ಸಂತೆ ನಿಂತಿತ್ತು, ಬಸ್ಸು ನಿಂತಿತ್ತು, ಹೋಟೆಲು ಮುಚ್ಚಿತ್ತು, ಮದುವೆ ಮುಂಜಿಗಳು ಮುಂದೆ ಹೋಗಿದ್ದವು. ಬೆಳೆದದ್ದನ್ನು ಕೊಯ್ಯಲು ಅನುಮತಿ ಇತ್ತು, ಕೊಳ್ಳುವವರು ಇರಲಿಲ್ಲ.

ಮಲೆನಾಡಿಗೆ ಇದು ಎಂಥ ಸಮಯ ಎಂಬುದು ತಮಗೆಲ್ಲ ತಿಳಿದಿದೆ. ಬಯಲುಸೀಮೆಯ ಮುಖ್ಯ ಬೆಳೆಯ ಕಾಲ ಮುಂಗಾರಾದರೆ, ಇಲ್ಲಿನ ಮನೆವಾರ್ತೆಯ ನಗದಿನ ಕಾಲ ಬೇಸಿಗೆ. ಬನವಾಸಿ, ಸೊರಬ, ಸಾಗರದ ಕಡೆಯ ಅನಾನಸು ದೂರದ ಪೇಟೆಗಳಿಗೆ ಲಾರಿ ಹತ್ತುವ ಕಾಲ ಅದು. ಅಪ್ಪೆಮಿಡಿ ಉಪ್ಪಿಗೆ ಬೀಳುವುದು, ಹಲಸಿನ ಹಪ್ಪಳ ಅಂಗಳದಲ್ಲಿ ಒಣಗುವುದು, ಮುರುಗಲು ಸಿಪ್ಪೆ ಬಿಸಿಲಿಗೆ ಬರುವುದು, ಜೇನು ಇಳಿಯುವುದು, ಎಲ್ಲವೂ ಮಾರ್ಚಿನಿಂದ ಮೇ ತಿಂಗಳೊಳಗೆ. ಮಳೆ ಹಿಡಿದ ಮೇಲೆ ಹಪ್ಪಳ ಒಣಗಿಸಲಾಗದು. ಒಂದು ಬೇಸಿಗೆ ತಪ್ಪಿದರೆ ಒಂದು ವರ್ಷದ ಕೈಗಂಟು ತಪ್ಪಿತೆಂದೇ ಅರ್ಥ. ಮರುವರ್ಷ ಏಪ್ರಿಲ್‌ನಲ್ಲಿ ಎರಡನೆಯ ಅಲೆ ಬಂದು, ಎರಡನೆಯ ಬೇಸಿಗೆಯೂ ಹಾಗೆಯೇ ಕಳೆಯಿತು.

ಹೆಕ್ಟೇರಿನ ಲೆಕ್ಕ

ನೇರ ನಗದು ನೆರವಿನಿಂದ ಆರಂಭಿಸೋಣ. ಕೇಂದ್ರ ಸರ್ಕಾರವು 2020ರ ಮಾರ್ಚ್ 26ರಂದು 1.70 ಲಕ್ಷ ಕೋಟಿ ರೂಪಾಯಿಯ ಗರೀಬ್ ಕಲ್ಯಾಣ ಯೋಜನೆಯನ್ನು ಪ್ರಕಟಿಸಿತು. ಅದರಲ್ಲಿ ರೈತರಿಗೆ ಏಪ್ರಿಲ್‌ನಲ್ಲಿ 2,000 ರೂಪಾಯಿ ಎಂದಿತ್ತು. ಇದು ಪಿಎಂ ಕಿಸಾನ್ ಯೋಜನೆಯಡಿ ವರ್ಷಕ್ಕೆ ಬರಬೇಕಾಗಿದ್ದ 6,000 ರೂಪಾಯಿಯ ಒಂದು ಕಂತೇ ಆಗಿತ್ತು. ಬೇಗನೆ ಬಂದದ್ದು ಉಪಕಾರವಾಯಿತು, ಆದರೆ ಹೊಸ ಹಣವಾಗಿರಲಿಲ್ಲ. ಭೂಮಿಯ ದಾಖಲೆ ಇರುವ ಕುಟುಂಬಗಳಿಗೆ ಮಾತ್ರ ಅದು ಸಲ್ಲುತ್ತಿತ್ತು.

ರಾಜ್ಯ ಸರ್ಕಾರವು ಅದೇ ಮೇ ತಿಂಗಳಲ್ಲಿ ಹಂತ ಹಂತವಾಗಿ ಪರಿಹಾರ ಘೋಷಿಸಿತು. ಹೂವು ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಹಣ್ಣು ಮತ್ತು ತರಕಾರಿ ಬೆಳೆಗಾರರಿಗೆ ಹೆಕ್ಟೇರಿಗೆ 15,000 ರೂಪಾಯಿ, ಮೆಕ್ಕೆಜೋಳ ಬೆಳೆದವರಿಗೆ ತಲಾ 5,000 ರೂಪಾಯಿ. 2021ರ ಮೇ ತಿಂಗಳ 1,250 ಕೋಟಿ ರೂಪಾಯಿಯ ಪ್ಯಾಕೇಜಿನಲ್ಲಿ ಹೂವು, ಹಣ್ಣು, ತರಕಾರಿಗಳಿಗೆ ಹೆಕ್ಟೇರಿಗೆ 10,000 ರೂಪಾಯಿ ನಿಗದಿಯಾಯಿತು. ಸಂಕಷ್ಟದಲ್ಲಿ ಇಷ್ಟನ್ನಾದರೂ ನೀಡಿದುದು ಸ್ವಾಗತಾರ್ಹವೇ.

ಇದನ್ನು ಗುಂಟೆಗೆ ಇಳಿಸಿ ನೋಡಬೇಕು. ಒಂದು ಹೆಕ್ಟೇರು ಎಂದರೆ ಸುಮಾರು 99 ಗುಂಟೆ. 2020ರ ದರದಲ್ಲಿ 20 ಗುಂಟೆ ಅನಾನಸು ಬೆಳೆದವನಿಗೆ ಸುಮಾರು 3,000 ರೂಪಾಯಿ, ಮರುವರ್ಷದ ದರದಲ್ಲಿ ಸುಮಾರು 2,000 ರೂಪಾಯಿ ಬರಬೇಕು. ತೋಟದ ಬುಡದಲ್ಲಿ, ಗದ್ದೆಯ ಬದುವಿನಲ್ಲಿ, ಮನೆಯ ಹಿತ್ತಿಲಿನಲ್ಲಿ ಬೆಳೆಯುವ ಬಾಳೆ, ಸುವರ್ಣಗಡ್ಡೆ, ಬಸಳೆ, ಸೌತೆಗಳಿಗೆ ಹೆಕ್ಟೇರೇ ಇಲ್ಲ. ಅಡಿಕೆ ಎಂದು ದಾಖಲಾದ ತೋಟದೊಳಗೆ ಕಾಳುಮೆಣಸು, ಏಲಕ್ಕಿ, ಬಾಳೆ, ಜಾಯಿಕಾಯಿ ಒಟ್ಟಿಗೆ ಬೆಳೆಯುತ್ತವೆ. ಬೆಳೆ ಸಮೀಕ್ಷೆಯಲ್ಲಿ ಮುಖ್ಯ ಬೆಳೆಯ ಹೆಸರೊಂದೇ ನಮೂದಾಗಿದ್ದರೆ ಉಳಿದವು ನಷ್ಟದ ಲೆಕ್ಕಕ್ಕೂ ಬರುವುದಿಲ್ಲ. ಮಣ್ಣಿಗೂ ಮನೆಗೂ ಹಿತವಾದ ಮಿಶ್ರ ಬೇಸಾಯವು ಪರಿಹಾರದ ಕಡತದಲ್ಲಿ ಕಾಣದೆ ಹೋಗುತ್ತದೆ, ಏಕಬೆಳೆ ಎದ್ದು ಕಾಣುತ್ತದೆ.

ಇನ್ನೊಂದು ವರ್ಗವಿದೆ. ಸೊರಬ, ಸಾಗರ, ಶಿರಸಿ ಕಡೆ ಅನಾನಸನ್ನೂ ಶುಂಠಿಯನ್ನೂ ಬೆಳೆಯುವವರಲ್ಲಿ ಅನೇಕರು ಬೇರೆಯವರ ಜಮೀನನ್ನು ಮಾತಿನ ಕರಾರಿನ ಮೇಲೆ ವಹಿಸಿಕೊಂಡವರು. ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ಬಳಿಕ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನಿಷಿದ್ಧ. ಉಳುವವನಿಗೆ ಭೂಮಿ ದೊರಕಿಸಿಕೊಟ್ಟ ಆ ಕಾನೂನಿನ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇಂದು ಕರಾರಿನ ಮೇಲೆ ಬೆಳೆಯುವ ಸಣ್ಣವನು ಈ ಕಾರಣದಿಂದಲೇ ಯಾವ ಕಾಗದದಲ್ಲೂ ಇಲ್ಲ. ಬೀಜ, ಗೊಬ್ಬರ, ಕೂಲಿಗೆ ಹಣ ಹಾಕಿದವನು ಅವನು, ಪಹಣಿಯಲ್ಲಿ ಹೆಸರಿರುವುದು ಒಡೆಯನದು. ಬೆಳೆ ಕೊಳೆತಾಗ ನಷ್ಟ ಅವನದಾಯಿತು, ಪರಿಹಾರಕ್ಕೆ ಅರ್ಹತೆ ಒಡೆಯನದಾಯಿತು. ಬಗರ್ ಹುಕುಂ ಸಾಗುವಳಿದಾರರ, ಅರಣ್ಯಭೂಮಿಯಲ್ಲಿ ತಲೆಮಾರುಗಳಿಂದ ಬೇಸಾಯ ಮಾಡುತ್ತಿರುವವರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯು ಬುಡಕಟ್ಟಿಗೆ ಸೇರದವರಿಂದ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ, ವಾಸದ ಪುರಾವೆ ಕೇಳುತ್ತದೆ. ಅದನ್ನು ಒದಗಿಸಲಾಗದೆ ಹಕ್ಕುಪತ್ರ ಪಡೆಯದ ಮನೆಗಳು ಪರಿಹಾರದ ಪಟ್ಟಿಯಿಂದಲೂ ಹೊರಗುಳಿದವು.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಭೂಮಿಯ ದಾಖಲೆ ಕೇಳದ ನೆರವು ಎರಡು ಬಗೆಯಲ್ಲಿ ಬಂದಿತು. ಪಡಿತರ ಚೀಟಿಯ ಮೇಲೆ ತಲಾ 5 ಕಿಲೋ ಹೆಚ್ಚುವರಿ ಧಾನ್ಯ ಒಂದು, ಉದ್ಯೋಗ ಖಾತರಿಯ ಕೆಲಸ ಇನ್ನೊಂದು. ಕರ್ನಾಟಕದಲ್ಲಿ ಖಾತರಿಯ ದಿನಗೂಲಿ 2020ರ ಏಪ್ರಿಲ್‌ನಿಂದ 249ರಿಂದ 275 ರೂಪಾಯಿಗೆ ಏರಿತು, ಮೇ ತಿಂಗಳಲ್ಲಿ ಕೇಂದ್ರವು ಆ ಯೋಜನೆಗೆ 40,000 ಕೋಟಿ ರೂಪಾಯಿ ಹೆಚ್ಚುವರಿಯಾಗಿ ನೀಡಿತು. ಪಟ್ಟಣದಿಂದ ಊರಿಗೆ ಮರಳಿದ ಯುವಕರಿಗೂ ಇದರಿಂದ ಕೆಲಸ ದೊರೆಯಿತು. ಮನೆಯನ್ನೂ ಶ್ರಮವನ್ನೂ ಅಳತೆಗೋಲಾಗಿ ಇಟ್ಟುಕೊಂಡ ನೆರವು ಬಡವರನ್ನು ತಲುಪುವುದು ಸುಲಭ ಎಂಬುದಕ್ಕೆ ಇವೆರಡೂ ಸಾಕ್ಷಿ.

ಸಾಲವಿದ್ದವರಿಗೆ ಸಾಲ

2020ರ ಮೇ 12ರಂದು ಪ್ರಧಾನಿಯವರು 20 ಲಕ್ಷ ಕೋಟಿ ರೂಪಾಯಿಯ ಆತ್ಮನಿರ್ಭರ ಭಾರತ ಪ್ಯಾಕೇಜನ್ನು ಘೋಷಿಸಿದರು. ಮರುದಿನದಿಂದ ಐದು ದಿನ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಅದರ ವಿವರ ನೀಡಿದರು. ಆ ಮೊತ್ತದ ದೊಡ್ಡ ಪಾಲು ಸಾಲ ಮತ್ತು ಸಾಲದ ಖಾತರಿಯ ರೂಪದಲ್ಲಿತ್ತು. ಸಾಲವೂ ನೆರವೇ, ಆದರೆ ಅದು ಮರಳಿ ಕೊಡಬೇಕಾದ ನೆರವು.

ಸಣ್ಣ ಉದ್ದಿಮೆಗಳಿಗೆ 3 ಲಕ್ಷ ಕೋಟಿ ರೂಪಾಯಿಯ ತುರ್ತು ಸಾಲ ಖಾತರಿ ಯೋಜನೆ ಬಂದಿತು. ಅಡಮಾನ ಬೇಡ, ಪೂರ್ಣ ಖಾತರಿ ಸರ್ಕಾರದ್ದು. ಆದರೆ ಆರಂಭದ ನಿಯಮದಂತೆ 2020ರ ಫೆಬ್ರುವರಿ 29ರಂದು ಬ್ಯಾಂಕಿನಲ್ಲಿ ಬಾಕಿ ಇದ್ದ ಸಾಲದ ಶೇಕಡ 20ರಷ್ಟು ಮಾತ್ರ ಹೊಸ ಸಾಲ ದೊರೆಯುತ್ತಿತ್ತು. 5 ಲಕ್ಷ ಬಾಕಿ ಇದ್ದ ಹಿಟ್ಟಿನ ಗಿರಣಿಗೆ 1 ಲಕ್ಷ. ಬಾಕಿಯೇ ಇಲ್ಲದ ಹಪ್ಪಳದ ಮನೆಗೆ ಸೊನ್ನೆ. ಸಾಲವಿಲ್ಲದೆ ಸ್ವಂತ ದುಡಿಮೆಯಿಂದ ಉದ್ದಿಮೆ ನಡೆಸಿದ ಗೃಹಿಣಿಯ ಮಿತವ್ಯಯಕ್ಕೆ ಈ ಯೋಜನೆಯಲ್ಲಿ ಬೆಲೆ ಇರಲಿಲ್ಲ.

ಇನ್ನು ಕಂತು ಮುಂದೂಡಿಕೆ. ಭಾರತೀಯ ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 1ರಿಂದ ಆಗಸ್ಟ್ 31ರ ವರೆಗಿನ ಕಂತುಗಳನ್ನು ಮುಂದೂಡಲು ಅವಕಾಶ ನೀಡಿತು. ಅನೇಕರು ಇದನ್ನು ಮನ್ನಾ ಎಂದೇ ಭಾವಿಸಿದರು. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. ಶೇಕಡ 12ರ ಬಡ್ಡಿಯ 2 ಲಕ್ಷ ರೂಪಾಯಿ ಸಾಲಕ್ಕೆ ಆರು ತಿಂಗಳಿಗೆ ಸರಳ ಬಡ್ಡಿಯೇ 12,000 ರೂಪಾಯಿ, ತಿಂಗಳಿಗೊಮ್ಮೆ ಚಕ್ರಬಡ್ಡಿ ಹಾಕಿದರೆ ಸುಮಾರು 12,304 ರೂಪಾಯಿ. ಅಕ್ಟೋಬರ್‌ನಲ್ಲಿ ಸರ್ಕಾರವು 2 ಕೋಟಿ ರೂಪಾಯಿ ವರೆಗಿನ ಕೆಲವು ವರ್ಗದ ಸಾಲಗಳಿಗೆ ಈ ಎರಡರ ನಡುವಣ ಅಂತರವನ್ನು ತುಂಬಿಕೊಡುವುದಾಗಿ ಪ್ರಕಟಿಸಿತು. ಇಲ್ಲಿ ಆ ಅಂತರ ಕೇವಲ 304 ರೂಪಾಯಿ. ಕ್ರೆಡಿಟ್ ಕಾರ್ಡಿನ ಬಾಕಿಯೂ ಆ ವರ್ಗಗಳಲ್ಲಿ ಸೇರಿತ್ತು. ಬೆಳೆ ಸಾಲ, ಟ್ರ್ಯಾಕ್ಟರ್ ಸಾಲಗಳು ಸೇರಿರಲಿಲ್ಲ. ಮುಂದೂಡಿಕೆಯ ಅವಧಿಗೆ ಯಾವ ಸಾಲಗಾರನಿಂದಲೂ ಚಕ್ರಬಡ್ಡಿ ಪಡೆಯಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚ್ 23ರಂದು ತೀರ್ಪು ನೀಡಿತು.

ಕಿರು ಆಹಾರ ಉದ್ದಿಮೆಗಳ ಯೋಜನೆ

ಮಲೆನಾಡಿನ ಮನೆ ಉದ್ದಿಮೆಗೆ ಅತ್ಯಂತ ಹತ್ತಿರವಾದುದು 2020ರ ಜೂನ್ 29ರಂದು ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ. 2020-21ರಿಂದ ಐದು ವರ್ಷಗಳಿಗೆ 10,000 ಕೋಟಿ ರೂಪಾಯಿ, 2 ಲಕ್ಷ ಘಟಕಗಳ ಗುರಿ. ದೇಶದಲ್ಲಿ ಸುಮಾರು 25 ಲಕ್ಷ ಅಸಂಘಟಿತ ಆಹಾರ ಘಟಕಗಳಿವೆ, ಈ ರಂಗದ ಉದ್ಯೋಗದ ಶೇಕಡ 74 ಭಾಗ ಅವುಗಳಲ್ಲೇ ಇದೆ ಎಂದು ಯೋಜನೆಯೇ ಹೇಳಿತ್ತು. ಹಾಗಾದರೆ ಗುರಿ ಮುಟ್ಟಿದರೂ ಹನ್ನೆರಡು ಘಟಕಗಳಲ್ಲಿ ಒಂದಕ್ಕಷ್ಟೇ ನೆರವು.

ಇದರ ರಚನೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಯೋಜನಾ ವೆಚ್ಚದ ಶೇಕಡ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ. ಕರ್ನಾಟಕ ಸರ್ಕಾರವು ಶೇಕಡ 15ನ್ನು ಸೇರಿಸಿ ಅದನ್ನು ಶೇಕಡ 50ಕ್ಕೆ ಏರಿಸಿದ್ದು ಮೆಚ್ಚತಕ್ಕ ಕ್ರಮ. ಆದರೆ ಸಹಾಯಧನವು ಸಾಲದೊಡನೆ ಕಟ್ಟಿಹಾಕಲ್ಪಟ್ಟಿತ್ತು. 10 ಲಕ್ಷದ ಘಟಕಕ್ಕೆ ಕನಿಷ್ಠ 1 ಲಕ್ಷ ಸ್ವಂತ ಹಣ ಹೂಡಿ, ಉಳಿದುದಕ್ಕೆ ಬ್ಯಾಂಕಿನ ಸಾಲ ಪಡೆಯಬೇಕು. ಸಹಾಯಧನ ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿ ಉಳಿದು, ಮೂರು ವರ್ಷ ಸಾಲ ಸುಸ್ಥಿಯಾಗದಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ. ಯಂತ್ರ ಕೊಳ್ಳಬಲ್ಲವರಿಗೆ ಇದು ಒಳ್ಳೆಯ ಯೋಜನೆ. ಎರಡು ಬೇಸಿಗೆಯ ಆದಾಯ ಕಳೆದುಕೊಂಡು, ಮಾರದೆ ಉಳಿದ ಸರಕನ್ನು ಅಟ್ಟದಲ್ಲಿಟ್ಟ ಮನೆಗೆ ಬೇಕಾಗಿದ್ದುದು ಯಂತ್ರವಲ್ಲ, ಮುಂದಿನ ಬೇಸಿಗೆಯ ಉದ್ದು, ಎಣ್ಣೆ, ಡಬ್ಬಿಗಳಿಗೆ ಕೈಬಂಡವಾಳ. ಅದನ್ನು ಅರಿತ ಅಂಶವೊಂದು ಇದೇ ಯೋಜನೆಯಲ್ಲಿತ್ತು. ಆಹಾರ ಸಂಸ್ಕರಣೆಯಲ್ಲಿ ತೊಡಗಿದ ಸ್ವಸಹಾಯ ಸಂಘದ ಪ್ರತಿ ಸದಸ್ಯೆಗೆ 40,000 ರೂಪಾಯಿ ವರೆಗೆ ಮೂಲಬಂಡವಾಳ, ಸಂಘದ ಮೂಲಕ. ಮಲೆನಾಡಿನ ಹೆಣ್ಣುಮಕ್ಕಳಿಗೆ ಹೇಳಿ ಮಾಡಿಸಿದಂತಿದ್ದ ಈ ಅಂಶದ ಬಗ್ಗೆ ಹಳ್ಳಿಗಳಲ್ಲಿ ಆಗಬೇಕಾಗಿದ್ದಷ್ಟು ಪ್ರಚಾರ ಆಗಲಿಲ್ಲ.

ಕಾಡಿನ ಉತ್ಪನ್ನಗಳ ಮಾತು ಬೇರೆಯೇ. 2020ರ ಮೇ 1ರಂದು ಕೇಂದ್ರವು 49 ಕಿರು ಅರಣ್ಯ ಉತ್ಪನ್ನಗಳ ಬೆಂಬಲ ಬೆಲೆಯನ್ನು ಪರಿಷ್ಕರಿಸಿತು. ಕಾಡುಜೇನಿನ ಬೆಲೆ ಕಿಲೋಗೆ 195ರಿಂದ 225 ರೂಪಾಯಿ ಆಯಿತು. ಅದೇ ತಿಂಗಳು ಇನ್ನೂ 23 ಉತ್ಪನ್ನಗಳು ಸೇರಿದವು. ಆದರೆ ಆ ವ್ಯವಸ್ಥೆ ರೂಪುಗೊಂಡಿರುವುದು ಪರಿಶಿಷ್ಟ ಪಂಗಡದವರಿಗಾಗಿ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಆ ಪಟ್ಟಿಗೆ ಸೇರಿದ್ದರು. ಅವರಂತೆಯೇ ಕಾಡನ್ನು ನಂಬಿ ಬದುಕುವ ಹಾಲಕ್ಕಿ ಒಕ್ಕಲಿಗರು, ಕುಣಬಿಗಳು 2020ರಲ್ಲಿ ಪಟ್ಟಿಯಲ್ಲಿರಲಿಲ್ಲ.

ಹಾಲಿನ ಪಾಠ

ಅದೇ ಲಾಕ್‌ಡೌನ್ ಕಾಲದಲ್ಲಿ ಹಾಲಿನ ಕಥೆ ಬೇರೆಯಾಗಿತ್ತು. ಹೋಟೆಲುಗಳು ಮುಚ್ಚಿ ಹಾಲು ಉಳಿಯತೊಡಗಿದಾಗ ರಾಜ್ಯ ಸರ್ಕಾರವು 2020ರ ಏಪ್ರಿಲ್‌ನಲ್ಲಿ ಹಾಲು ಮಹಾಮಂಡಳದಿಂದ ಹೆಚ್ಚುವರಿ ಹಾಲು ಕೊಂಡು ನಗರದ ಬಡವರಿಗೆ ಉಚಿತವಾಗಿ ಹಂಚಿತು. ಉತ್ಪಾದಕರಿಗೆ ಬಟವಾಡೆ ಬಂದಿತು, ಬಡವರ ಮಕ್ಕಳಿಗೆ ಹಾಲು ಬಂದಿತು. ಇದು ಸಾಧ್ಯವಾದುದಕ್ಕೆ ಊರೂರಿನ ಹಾಲಿನ ಡೇರಿಯೇ ಕಾರಣ. ಒಂದೂವರೆ ಲೀಟರ್ ಹಾಕುವವಳ ಹೆಸರೂ ಅಲ್ಲಿನ ಪುಸ್ತಕದಲ್ಲಿದೆ. ಅವಳಿಗೆ ಜಮೀನು ಇದೆಯೇ ಎಂದು ಆ ಪುಸ್ತಕ ಕೇಳುವುದಿಲ್ಲ.

ಅಡಿಕೆಗೂ ಇಂಥದೇ ಆಸರೆ ಇತ್ತು. 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಸಂಸ್ಥೆಯು 2020ರ ಏಪ್ರಿಲ್‌ನಲ್ಲಿ ಮಿತಿ ಹಾಕಿಕೊಂಡು ಖರೀದಿಯನ್ನು ಪುನಃ ಆರಂಭಿಸಿದುದರಿಂದ ಬೆಳೆಗಾರನ ಮನೆಗೆ ದಿನಸಿಯ ಖರ್ಚಿಗಾದರೂ ಹಣ ಬಂದಿತು. ಅನಾನಸು, ಹಪ್ಪಳ, ಮುರುಗಲು, ಜೇನುಗಳಿಗೆ ಅಷ್ಟು ಗಟ್ಟಿಯಾದ ಸಂಘವೂ ಇರಲಿಲ್ಲ, ಪುಸ್ತಕವೂ ಇರಲಿಲ್ಲ. ನೆರವು ಕೊಡಬೇಕೆಂದು ಬಯಸಿದ ಅಧಿಕಾರಿಗೂ ಯಾರಿಗೆ ಕೊಡುವುದೆಂದು ತಿಳಿಯುವ ದಾರಿ ಇರಲಿಲ್ಲ.

ಒಂದೇ ಉತ್ಪನ್ನದ ಅಪಾಯ

ಪರಿಸರದ ದೃಷ್ಟಿಯಿಂದ ಒಂದು ಎಚ್ಚರಿಕೆಯ ಮಾತು. ಕಿರು ಆಹಾರ ಯೋಜನೆಯು ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಎಂಬ ತತ್ತ್ವಕ್ಕೆ ಆದ್ಯತೆ ನೀಡಿತು. ಶಿವಮೊಗ್ಗಕ್ಕೆ ಅನಾನಸು, ಕೊಡಗಿಗೆ ಕಾಫಿ ಎಂದು ಗೊತ್ತುಮಾಡಲಾಯಿತು. ಮಾರಾಟಕ್ಕೆ, ತರಬೇತಿಗೆ ಇದು ಅನುಕೂಲವೆಂಬುದು ನಿಜ. ಆದರೆ ಇಳಿಜಾರಿನ ಮಣ್ಣನ್ನು ಬಗೆದು ಏಕಬೆಳೆ ಹಾಕಿದಲ್ಲಿ ಜೂನ್ ಜುಲೈ ಮಳೆಗೆ ಮೇಲ್ಮಣ್ಣು ಹಳ್ಳ ಸೇರುತ್ತದೆ. ಒಂದೇ ಬೆಳೆಯನ್ನು ನಂಬಿದ ಊರು ಒಂದೇ ಪೇಟೆಯನ್ನೂ ನಂಬಬೇಕಾಗುತ್ತದೆ. 2020ರ ಏಪ್ರಿಲ್‌ನಲ್ಲಿ ಹೆಚ್ಚು ಪೆಟ್ಟು ತಿಂದವರು ದೂರದ ಪೇಟೆಗೆ ಒಂದೇ ಹಣ್ಣನ್ನು ಕಳುಹಿಸುತ್ತಿದ್ದವರೇ. ಹತ್ತು ಬಗೆ ಬೆಳೆದ ಹಿತ್ತಿಲಿನವರು ಆದಾಯ ಕಳೆದುಕೊಂಡರೂ ಊಟಕ್ಕೆ ತೊಂದರೆಪಡಲಿಲ್ಲ.

ಸಾಲದ ಒತ್ತಡವೂ ಕಾಡಿನ ಮೇಲೆ ಬೀಳುತ್ತದೆ. ಉಪ್ಪಾಗೆಯ ಉದಾಹರಣೆ ನೋಡಿರಿ. ಮಳೆಗಾಲದಲ್ಲಿ ಬರುವ ಆ ಕಾಯಿಯನ್ನು ಸೌದೆಯ ಬೆಂಕಿಯಲ್ಲಿ ಒಣಗಿಸಬೇಕು. ಹಣದ ತುರ್ತಿದ್ದಾಗ ಕಾಯಿ ಬಲಿಯುವ ಮೊದಲೇ ಕೊಯ್ಯುತ್ತಾರೆ, ಕೊಂಬೆಗಳನ್ನೇ ಕಡಿಯುತ್ತಾರೆ, ಸೌದೆಗೆ ಹಸಿಮರವೂ ಬೀಳುತ್ತದೆ. ಸಕಾಲದಲ್ಲಿ ಮನೆಗೆ ಸ್ವಲ್ಪ ನಗದು, ಊರಿಗೆ ಸೌದೆ ಉಳಿಸುವ ಒಂದು ಸಾಮುದಾಯಿಕ ಒಣಗಿಸುವ ಒಲೆ ದೊರೆತರೆ ಮರವೂ ಉಳಿಯುತ್ತದೆ, ಸರಕಿನ ಗುಣವೂ ಹೆಚ್ಚುತ್ತದೆ.

ಸಾಂಕ್ರಾಮಿಕ ರೋಗದಿಂದ ದುಡಿಮೆ ನಿಲ್ಲುವುದು ಮಲೆನಾಡಿಗೆ ಕೊರೋನಾದೊಂದಿಗೆ ಬಂದದ್ದೂ ಅಲ್ಲ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಅನೇಕ ಜೀವಗಳನ್ನು ಬಲಿ ತೆಗೆದುಕೊಂಡಿತು. ಆ ರೋಗ ಹರಡುವ ತಿಂಗಳುಗಳಲ್ಲಿ ಸೊಪ್ಪು, ದರಗು, ಸೌದೆಗೆಂದು ಕಾಡಿಗೆ ಹೋಗುವುದೇ ಅಪಾಯ. ಹೋಗದಿದ್ದರೆ ಕೂಲಿಯಿಲ್ಲ, ತೋಟಕ್ಕೆ ಗೊಬ್ಬರವಿಲ್ಲ. ಈ ನಷ್ಟವನ್ನು ಹೆಕ್ಟೇರಿನಲ್ಲಿ ಅಳೆಯಲು ಬರುವುದಿಲ್ಲ.

ಮುಂದಿನ ಆಪತ್ತಿಗೆ ಮುನ್ನ

ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆಗಳು ಸ್ಪಷ್ಟವಾಗಿವೆ. ಗುಡ್ಡಗಾಡಿನಲ್ಲಿ ಪರಿಹಾರವನ್ನು ಹೆಕ್ಟೇರಿನ ಬದಲು ಮನೆಗೆ ಒಂದು ಕನಿಷ್ಠ ಮೊತ್ತವೆಂದು ನಿಗದಿಪಡಿಸಬೇಕು. ಕರಾರಿನ ಮೇಲೆ ಬೆಳೆಯುವವರಿಗೆ, ಒಡೆಯನ ಹಕ್ಕಿಗೆ ಬಾಧೆಯಾಗದಂತೆ, ಪರಿಹಾರಕ್ಕಷ್ಟೇ ಸಲ್ಲುವ ಸಾಗುವಳಿ ದೃಢೀಕರಣವನ್ನು ಪಂಚಾಯಿತಿಯಿಂದ ಕೊಡಿಸಬೇಕು. ಮಿಶ್ರ ಬೆಳೆಗಳೆಲ್ಲವೂ ಸಮೀಕ್ಷೆಯಲ್ಲಿ ದಾಖಲಾಗಬೇಕು. ಆಪತ್ಕಾಲದ ನೆರವಿನ ಒಂದು ಭಾಗವು ಸ್ವಸಹಾಯ ಸಂಘಗಳ ಮೂಲಕ ಕೈಬಂಡವಾಳವಾಗಿ ಬರಬೇಕು. ಉಳಿದ ಸರಕನ್ನು, ಹಾಲಿನಂತೆ, ಸರ್ಕಾರವೇ ಕೊಂಡು ವಿದ್ಯಾರ್ಥಿನಿಲಯ, ಅಂಗನವಾಡಿಗಳಿಗೆ ಹಂಚಬೇಕು.

ಆದರೆ ಸರ್ಕಾರ ಬದಲಾಗುವ ತನಕ ಕಾಯುವುದು ಬೇಡ. ಊರಿನಲ್ಲೇ ಆಗಬಹುದಾದ ಕೆಲಸಗಳಿವೆ. 2020ರಿಂದ ರೈತರೇ ಮೊಬೈಲಿನಲ್ಲಿ ತಮ್ಮ ಬೆಳೆಯ ವಿವರ ದಾಖಲಿಸುವ ಅವಕಾಶ ಬಂದಿದೆ. ಅಡಿಕೆಯೊಂದನ್ನೇ ಬರೆದು ಮುಗಿಸದೆ ಮೆಣಸು, ಬಾಳೆ, ಕೋಕೋಗಳನ್ನೂ ಬರೆಯಿಸಬೇಕು. ನೆಟ್‌ವರ್ಕ್ ಸಿಗದ ಊರುಗಳಲ್ಲಿ ಇದಕ್ಕೆ ಓದಿದ ಮಕ್ಕಳ ನೆರವು ಬೇಕಾಗುತ್ತದೆ. ಪ್ರತಿ ಸ್ವಸಹಾಯ ಸಂಘವೂ ಉಳಿತಾಯದ ಪುಸ್ತಕದ ಜೊತೆಗೆ ಉತ್ಪನ್ನದ ಪುಸ್ತಕವೊಂದನ್ನು ಇಡಬೇಕು. ಯಾರು, ಯಾವ ತಿಂಗಳು, ಎಷ್ಟು ಹಪ್ಪಳ, ಎಷ್ಟು ಕಿಲೋ ಮುರುಗಲು, ಯಾರಿಗೆ, ಎಷ್ಟಕ್ಕೆ, ಇಷ್ಟೇ ಸಾಕು. ಡೇರಿಯ ಪುಸ್ತಕದಂತೆ ಅದೇ ನಾಳೆ ದಾಖಲೆಯಾಗುತ್ತದೆ. 2020ರ ಜುಲೈಯಲ್ಲಿ ಆರಂಭವಾದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ದಲ್ಲಾಳಿಗಳಿಗೆ ಹಣ ತೆರುವ ಅಗತ್ಯವೂ ಇಲ್ಲ.

ವಿದ್ಯಾರ್ಥಿಗಳಿಗೆ ಇನ್ನೊಂದು ಹೊಣೆಯಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಅನೇಕ ಕಡೆ ಅದು ಸಸ್ಯಗಳ ಹೆಸರಿನ ಪಟ್ಟಿಯಾಗಿ ಕಪಾಟಿನಲ್ಲಿದೆ. ಆ ಪಟ್ಟಿಯ ಪ್ರತಿ ಹೆಸರಿನ ಮುಂದೆ ಅದನ್ನು ಕೊಯ್ದು, ಒಣಗಿಸಿ, ಮಾರಿ ಬದುಕುವ ಮನೆಗಳೆಷ್ಟು, ಯಾವ ತಿಂಗಳಲ್ಲಿ ಎಂಬುದನ್ನು ಬರೆದರೆ ಗ್ರಾಮಸಭೆಯ ಕೈಗೆ ಒಂದು ಬಲವಾದ ಆಧಾರ ದೊರೆಯುತ್ತದೆ. ಒಂದು ಬೇಸಿಗೆ ರಜೆಯಲ್ಲಿ ಒಂದು ಪಂಚಾಯಿತಿಯ ಕೆಲಸ ಮುಗಿಸಲು ಸಾಧ್ಯವಿದೆ.

ಮುಂದಿನ ಆಪತ್ತು ರೋಗವಾಗಿ ಬರುವುದೋ, ಕುಸಿತವಾಗಿ ಬರುವುದೋ, ಬರಗಾಲವಾಗಿ ಬರುವುದೋ ಹೇಳಲಾಗದು. ಬಂದ ಮೇಲೆ ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಮುಂದೆ ನಿಲ್ಲುವಾಗ ಹಪ್ಪಳ ಮಾಡುವವಳ, ಜೇನು ಇಳಿಸುವವನ, ಕರಾರಿನ ಮೇಲೆ ಅನಾನಸು ಬೆಳೆಯುವವನ ಹೆಸರು ಯಾವುದಾದರೊಂದು ಪುಸ್ತಕದಲ್ಲಿ ಇರಬೇಕು. ಆ ಪುಸ್ತಕ ಬರೆಯುವ ಕೆಲಸ ಈ ಮಳೆಗಾಲ ಮುಗಿಯುವುದರೊಳಗೆ ಪ್ರತಿ ಊರಿನಲ್ಲಿ ಆರಂಭವಾಗಲಿ.